ಸಣ್ಣ ಕಾರಿಗೆ ಯಾವ ಬ್ಯಾಟರಿ?

ಪ್ರಶ್ನೆ: ಸಣ್ಣ ಕಾರಿಗೆ ಹೆಚ್ಚು ಆಂಪಿಯರ್-ಅವರ್‌ನ ಬ್ಯಾಟರಿ ಹಾಕಿಸಿದರೆ ಹೆಚ್ಚು ಕಾಲ ಬಾಳಿಕೆ ಬರುತ್ತದೆಯೇ?

ಉತ್ತರ: ಹಾಗೇನೂ ಇಲ್ಲ. ಆಂಪಿಯರ್-ಅವರ್ ಎಂಬುದು ಬ್ಯಾಟರಿ ಎಷ್ಟು ವಿದ್ಯುತ್ತನ್ನು ಕೂಡಿಟ್ಟುಕೊಳ್ಳಬಲ್ಲದು ಎಂಬುದರ ಅಳತೆಯೇ ಹೊರತು ಬಾಳಿಕೆಯ ಅಳತೆಯಲ್ಲ. ಅನೇಕ ಸಣ್ಣ ಪೆಟ್ರೋಲ್ ಕಾರುಗಳಿಗೆ 35ರ ಆಸುಪಾಸಿನದು ಸಾಕಾಗುವುದರಿಂದ, ಕಾರಿನ ಕೈಪಿಡಿ ಹೇಳುವ ಸಾಮರ್ಥ್ಯ, ಟ್ರೇಯಲ್ಲಿ ಕೂರುವ ಗಾತ್ರ ಮತ್ತು ಪಾಸಿಟಿವ್ ಟರ್ಮಿನಲ್ ಇರುವ ಬದಿ, ಈ ಮೂರನ್ನು ಹೊಂದಿಸಿಕೊಂಡು, ತಯಾರಿಕೆಯ ತಿಂಗಳನ್ನೂ ನೋಡಿ ಕೊಳ್ಳುವುದು ಜಾಣತನ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಚಾಲೂ ಆಗುವ ಕಾರುಗಳಿಗೆ ಮಾತ್ರ, ಆ ದಣಿವನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಮಾದರಿಯೇ ಬೇಕು.

ಬಾಳಿಕೆಯನ್ನು ನಿರ್ಧರಿಸುವುದು ಹೆಚ್ಚಾಗಿ ಬಳಕೆಯ ರೀತಿ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ, ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು 12ರ ಹತ್ತಿರಕ್ಕೆ ಇಳಿದು ವಾರಗಟ್ಟಲೆ ಹಾಗೆಯೇ ಉಳಿದರೆ, ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವ ಶಕ್ತಿ ಕುಂದುತ್ತದೆ, ಇದನ್ನೇ ಸಲ್ಫೇಶನ್ ಎನ್ನುವುದು. ಮನೆಯ ಮುಂದೆ ನಿಂತಲ್ಲೇ ಐದು ನಿಮಿಷ ಎಂಜಿನ್ ಗುರುಗುಟ್ಟಿಸುವ ರೂಢಿಯಿಂದ ಪೆಟ್ರೋಲ್ ಖರ್ಚಾಗುತ್ತದೆಯೇ ವಿನಾ ಬ್ಯಾಟರಿ ತುಂಬುವುದಿಲ್ಲ. ಚಳಿ ಸ್ಟಾರ್ಟ್ ಆಗುವುದನ್ನು ಕಷ್ಟಗೊಳಿಸಿದರೆ, ರಾಯಚೂರು, ಕಲಬುರಗಿಗಳ ಬಿಸಿಲು ಬ್ಯಾಟರಿಯ ಆಯುಸ್ಸನ್ನೇ ತಿನ್ನುತ್ತದೆ. ಮುಚ್ಚಳ ತೆಗೆಯಲು ಬರುವ ಬ್ಯಾಟರಿಗಳಲ್ಲಿ ಈ ಬಿಸಿಲಿಗೆ ನೀರು ಬೇಗ ಇಂಗುತ್ತದೆ; ಇಂಗಿದಷ್ಟಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಲ್ಲಿ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ.

ಟರ್ಮಿನಲ್ಲಿಗೆ ಹತ್ತಿದ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ಉಜ್ಜಬೇಕಾದಾಗ ನೆಗೆಟಿವ್ ಕೇಬಲ್ಲನ್ನೇ ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು. ಇಲ್ಲವಾದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗುಲಿ ಶಾರ್ಟ್ ಆಗುವ ಅಪಾಯವಿದೆ.