ಅಂಗಸಾಧನೆಯ ಕಲಿಕೆಯಲ್ಲಿ ಚಲಚ್ಚಿತ್ರದ ಸಹಾಯ

ಅಂಗಸಾಧನೆಯನ್ನು ಕಲಿಸುವವರಿಗೂ ಕಲಿಯುವವರಿಗೂ ನಡುವೆ ದಿನಾಲು ನಡೆಯುವ ಒಂದು ವಾದವುಂಟು. ಬಾಲಿಕೆಯು ಅಂಗೈಗಳನ್ನು ನೆಲಕ್ಕೂರಿ ಕಾಲುಗಳನ್ನು ಮೇಲೆತ್ತಿ ನಿಂತಾಗ, ಮೊಣಕಾಲು ಮಡಚಿದೆಯೆಂದು ಅಧ್ಯಾಪಿಕೆಯು ಹೇಳುವಳು. “ಇಲ್ರೀ ಅಕ್ಕೋರ, ಕಾಲು ನೆಟ್ಟಗಽ ಇತ್ತು” ಎಂಬ ಉತ್ತರವು ಬರುವದು. ಇಬ್ಬರಲ್ಲಿ ಯಾರೂ ಸುಳ್ಳಾಡಿದವರಲ್ಲ. ನಮ್ಮ ಕೈಕಾಲುಗಳು ಎಲ್ಲಿವೆಯೆಂಬದನ್ನು ಸ್ನಾಯುಗಳೂ ಕೀಲುಗಳೂ ಒಳಗಿನಿಂದಲೇ ಮಿದುಳಿಗೆ ತಿಳಿಸುತ್ತಿರುವವು. ಆದರೆ ತಲೆ ಕೆಳಗಾದಾಗಲೂ ಮೈ ಗಾಳಿಯಲ್ಲಿ ತಿರುಗುವಾಗಲೂ ಈ ಒಳಗಿನ ವರದಿಯು ಪೂರ್ಣವಾಗಿ ನಂಬತಕ್ಕದ್ದಲ್ಲ. ಮಡಚಿದ ಮೊಣಕಾಲೇ ರೂಢಿಯಾದವಳಿಗೆ ಅದೇ ನೆಟ್ಟಗಿದ್ದಂತೆ ತೋರುವದು. ಅಭ್ಯಾಸದ ಚಲಚ್ಚಿತ್ರವು, ಅಂದರೆ ಇಂದು ಎಲ್ಲರೂ ವಿಡಿಯೊ ಎಂದು ಕರೆಯುವ ಸಾಧನವು, ಈ ವಾದವನ್ನು ಅರ್ಧ ನಿಮಿಷದಲ್ಲಿ ತೀರಿಸಬಲ್ಲದು. ಅದನ್ನು ಹೇಗೆ ಬಳಸತಕ್ಕದ್ದು, ಎಲ್ಲಿ ನಿಲ್ಲಿಸತಕ್ಕದ್ದು ಎಂಬದನ್ನು ಮುಂಡರಗಿಯಂಥ ಊರಿನ ಬಾಲಿಕೆಯರ ಪ್ರೌಢಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸುವೆವು.

ಕಣ್ಣಿಗೆ ಸಿಕ್ಕದ ಚಲನೆಯನ್ನು ಚಿತ್ರದಲ್ಲಿ ಹಿಡಿಯುವ ಯತ್ನವು ಹೊಸದೇನಲ್ಲ. 1878ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಸಾಲಾಗಿ ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರಗಳನ್ನು ತೆಗೆದು, ಅದರ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲ ಬಿಟ್ಟಿರುವದನ್ನು ತೋರಿಸಿದನು. ಜೀವಮಾನವೆಲ್ಲ ಕುದುರೆಗಳೊಡನೆ ಕಳೆದವರೂ ಅದುವರೆಗೆ ಈ ಮಾತನ್ನು ನಿಶ್ಚಯವಾಗಿ ಹೇಳಲಾರದೆ ಇದ್ದರು. ಮುಂದೆ ಅವನು ಲಾಗ ಹಾಕುವ ಮನುಷ್ಯರ ಚಿತ್ರಗಳನ್ನೂ ಇದೇ ರೀತಿಯಾಗಿ ತೆಗೆದನು.

ಲಾಗದ ಲೆಕ್ಕವನ್ನೇ ನೋಡಿರಿ. ಹುಡುಗಿಯೊಬ್ಬಳು ನೆಲದಿಂದ ಚಿಮ್ಮಿ ತನ್ನ ಮೈಯ ಭಾರಕೇಂದ್ರವನ್ನು 45 ಸೆಂಟಿಮೀಟರು ಮೇಲೇರಿಸಿದಳೆನ್ನೋಣ. ಏರುವದಕ್ಕೆ 0.3 ಸೆಕೆಂಡು, ಇಳಿಯುವದಕ್ಕೆ ಮತ್ತೆ ಅಷ್ಟೇ. ಈ 0.6 ಸೆಕೆಂಡಿನೊಳಗೆ ಮೈ ಮುದುಡಬೇಕು, ತಿರುಗಬೇಕು, ಮತ್ತೆ ಬಿಚ್ಚಿಕೊಳ್ಳಬೇಕು. ಎಷ್ಟೇ ಅನುಭವಿಯಾದ ಅಧ್ಯಾಪಿಕೆಯಾದರೂ ಇಷ್ಟರಲ್ಲಿ ತಲೆ, ಕೈ, ಮೊಣಕಾಲು, ಪಾದ ಎಲ್ಲವನ್ನೂ ನೋಡಲಾರಳು. ಸಾಧಾರಣ ಮೊಬೈಲು ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುವದರಿಂದ ಈ ಹಾರಾಟದಲ್ಲಿ 18 ಚಿತ್ರಗಳು ದೊರೆಯುವವು. ನಿಧಾನಗತಿಯ ಏರ್ಪಾಡುಳ್ಳ ಮೊಬೈಲು ಸೆಕೆಂಡಿಗೆ 240 ಚಿತ್ರಗಳನ್ನು ತೆಗೆದರೆ 144 ದೊರೆಯುವವು. ಮುದುಡಿದ ಮೈಯನ್ನು ಹೊತ್ತಿಗೆ ಮುಂಚೆಯೇ ಬಿಚ್ಚಿದ್ದರಿಂದ ಇಳಿಯುವಾಗ ಹಿಂದಕ್ಕೆ ಬಿದ್ದಳೆಂಬದು ಆಗ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗುವದು.

ಇದಕ್ಕೆ ಹೆಚ್ಚಿನ ಸಾಮಗ್ರಿ ಬೇಡ. ಒಂದು ಮೊಬೈಲು, ಅದನ್ನು ನಿಲ್ಲಿಸಲು ಒಂದು ಮುಕ್ಕಾಲಿ, ನೆಲದಲ್ಲಿ ಸುಣ್ಣದ ಒಂದು ಗುರುತು ಇದ್ದರೆ ಸಾಕು. ಮೊಬೈಲನ್ನು ಕೈಯಲ್ಲಿ ಹಿಡಿದು ಆಟಗಾರ್ತಿಯ ಹಿಂದೆ ತಿರುಗಿಸತಕ್ಕದ್ದಲ್ಲ. ಹಾಗೆ ಮಾಡಿದರೆ ಅಲುಗಿದ್ದು ಹುಡುಗಿಯೋ ಕೈಯೋ ತಿಳಿಯದು. ಸೊಂಟದ ಎತ್ತರದಲ್ಲಿ, ಓಡುವ ದಾರಿಗೆ ಸರಿಯಾಗಿ ಅಡ್ಡಲಾಗಿ, ತಲೆಯಿಂದ ಪಾದದ ವರೆಗೆ ಮೈಯೆಲ್ಲ ಕಾಣುವಷ್ಟು ದೂರದಲ್ಲಿ ಅದನ್ನು ನಿಲ್ಲಿಸಬೇಕು. ಪ್ರತಿ ವಾರವೂ ಅದೇ ಗುರುತಿನ ಮೇಲೆ ನಿಲ್ಲಿಸಿದರೇನೇ ಮೊದಲಿನದಕ್ಕೂ ಈಗಿನದಕ್ಕೂ ಹೋಲಿಕೆಯಾಗುವದು. ಸೂರ್ಯನು ಮೊಬೈಲಿನ ಬೆನ್ನಿಗಿರಲಿ. ಎದುರಿಗಿದ್ದರೆ ಕರಿಯ ನೆರಳಷ್ಟೇ ಮೂಡುವದು. ಕಪ್ಪತಗುಡ್ಡದ ಕಡೆಯ ಗಾಳಿಯನ್ನು ಬಲ್ಲವರು ಮುಕ್ಕಾಲಿಯ ಕಾಲಿಗೆ ಕಲ್ಲು ಕಟ್ಟುವದನ್ನು ಮರೆಯಲಾರರು.

ಉಡುಪಿನ ವಿಷಯದಲ್ಲಿ ಒಂದು ತೊಡಕುಂಟು. ಸಡಿಲಾದ ಸಲವಾರಿನೊಳಗೆ ಮೊಣಕಾಲು ಕಾಣದು. ಅಂಟಿಕೊಳ್ಳುವ ಗಿಡ್ಡ ಉಡುಪನ್ನು ತೊಡಲು ಅನೇಕ ಬಾಲಿಕೆಯರಿಗೂ ಅವರ ಮನೆಯವರಿಗೂ ಮನಸ್ಸಿಲ್ಲ. ಈ ಸಂಕೋಚವನ್ನು ಹಳ್ಳಿಗಾಡಿನ ಮೌಢ್ಯವೆಂದು ನಗುವದು ನಮಗೆ ಒಪ್ಪಿಗೆಯಿಲ್ಲ. 2021ರಲ್ಲಿ ಜರ್ಮನಿಯ ಆಟಗಾರ್ತಿಯರೇ ಯುರೋಪಿನ ಪಂದ್ಯಗಳಲ್ಲಿಯೂ ಟೋಕಿಯೋ ಒಲಿಂಪಿಕ್ಸಿನಲ್ಲಿಯೂ ಕಣಕಾಲಿನ ತನಕ ಮುಚ್ಚುವ ಉಡುಪನ್ನು ತೊಟ್ಟು, ಯಾವದನ್ನು ತೊಡಬೇಕೆಂಬದು ತಮ್ಮ ಇಚ್ಛೆಯೆಂದು ತೋರಿಸಿದರು. ನಮ್ಮಲ್ಲಿ ಬಿಗಿಯಾದ ಉದ್ದ ಪಾಯಿಜಾಮೆ ಸಾಕು. ಅದೂ ಇಲ್ಲದಿದ್ದರೆ ಸೊಂಟ, ಮೊಣಕಾಲು, ಕಣಕಾಲುಗಳ ಮೇಲೆ ಬಣ್ಣದ ಅರಿವೆಯ ಪಟ್ಟಿಗಳನ್ನು ಕಟ್ಟಿದರಾಯಿತು. ಮೂರು ಪಟ್ಟಿಗಳು ಒಂದೇ ಗೆರೆಯಲ್ಲಿದ್ದರೆ ಕಾಲು ನೆಟ್ಟಗಿದೆ, ಇಲ್ಲವಾದರೆ ಇಲ್ಲ.

ಹಗ್ಗದ ಮಲ್ಲಕಂಬಕ್ಕೆ ಕ್ರಮವು ಬೇರೆ. ಈ ವಿದ್ಯೆಯು ನಮ್ಮ ನಾಡಿಗೆ ಪರಕೀಯವಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲಸ್ತಂಭದ ಉಲ್ಲೇಖವಿದೆಯೆನ್ನುವರು. ಹಗ್ಗದ ಮೇಲಿನ ಆಸನಗಳಲ್ಲಿ ವೇಗಕ್ಕಿಂತ ಹಿಡಿತವು ಮುಖ್ಯ. ಹಗ್ಗವನ್ನು ಕಾಲಿನ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸುವ ಬಗೆಯನ್ನು ಹತ್ತಿರದಿಂದ ತೆಗೆದರೆ, ಸಾಧಾರಣ ವೇಗದ ಚಿತ್ರವೇ ಸಾಕಾಗುವದು.

ತೆಗೆಯುವದು ಸುಲಭ, ತೋರಿಸುವದರಲ್ಲಿಯೇ ಜಾಣತನವಿರುವದು. ಹುಡುಗಿಯ ಮೈಯಲ್ಲಿ ಆ ಚಲನೆಯ ನೆನಪು ಇನ್ನೂ ಬೆಚ್ಚಗಿರುವಾಗಲೇ, ಒಂದೆರಡು ನಿಮಿಷದೊಳಗೆ, ಚಿತ್ರವನ್ನು ತೋರಿಸಬೇಕು. ಸಂಜೆ ಮನೆಯಲ್ಲಿ ನೋಡಿದರೆ ಅದು ಬರಿಯ ತಮಾಷೆಯಾಗುವದು. ಮೊದಲು ಅಧ್ಯಾಪಿಕೆಯು ಬಾಯಿ ತೆರೆಯಬಾರದು. ಏನು ಕಂಡಿತೆಂದು ಹುಡುಗಿಯೇ ಹೇಳಲಿ. ತಾನೇ ಕಂಡ ತಪ್ಪನ್ನು ತಿದ್ದಿಕೊಳ್ಳುವಷ್ಟು ಬೇಗನೆ ಬೇರೆಯವರು ಹೇಳಿದ್ದನ್ನು ಯಾರೂ ತಿದ್ದಿಕೊಳ್ಳರು. ಒಂದು ಸಲಕ್ಕೆ ಒಂದೇ ದೋಷವನ್ನು ಹಿಡಿಯತಕ್ಕದ್ದು. ಹತ್ತನ್ನು ಒಟ್ಟಿಗೆ ಎಣಿಸಿದರೆ ಪಾಪ, ಆ ಮಗುವು ನಿಂತ ನೆಲವನ್ನೂ ಮರೆಯುವದು. ಅವಳು ಚೆನ್ನಾಗಿ ಮಾಡಿದ ಸರತಿಯನ್ನೂ ತಪ್ಪದೆ ತೋರಿಸಬೇಕು. ಬಿದ್ದದ್ದನ್ನು ಮಾತ್ರ ಎಲ್ಲರೆದುರು ಮತ್ತೆ ಮತ್ತೆ ಓಡಿಸಿ ನಗುವ ಪದ್ಧತಿಯು ತಂಡವನ್ನು ಬೆಳೆಸುವದಿಲ್ಲ. ಮರುದಿನ ಆ ಹುಡುಗಿಯು ಹೊಟ್ಟೆನೋವೆಂದು ಮನೆಯಲ್ಲಿ ಕೂಡ್ರುವಳು. ದಿನವೂ ಪ್ರತಿಯೊಂದು ಸರತಿಯನ್ನು ತೆಗೆಯುವದೂ ಬೇಡ. ವಾರಕ್ಕೆರಡು ದಿನ ತೆಗೆದು, ಉಳಿದ ದಿನ ಕಂಡದ್ದನ್ನು ಮೈಗೂಡಿಸಿಕೊಳ್ಳಲಿ.

ಇಷ್ಟು ಸಣ್ಣ ದೋಷಕ್ಕೆ ಇಷ್ಟೊಂದು ಶ್ರಮವೇಕೆಂದು ಕೇಳುವವರಿರಬಹುದು. ಅಂತರರಾಷ್ಟ್ರೀಯ ನಿಯಮದಂತೆ ಮಾಟಕ್ಕೆ 10 ಅಂಕಗಳಿಂದ ಎಣಿಕೆಯಾರಂಭ. ಮಡಚಿದ ಮೊಣಕಾಲಿಗೆ ಮಡಿಕೆಯ ಪ್ರಮಾಣದಂತೆ 0.1, 0.3 ಇಲ್ಲವೆ 0.5 ಕಳೆಯುವರು, ಬಿದ್ದರೆ ಪೂರಾ 1 ಅಂಕ ಹೋಗುವದು. 2016ರ ಆಗಸ್ಟ್ 14ರಂದು ರಿಯೋ ಒಲಿಂಪಿಕ್ಸಿನಲ್ಲಿ ತ್ರಿಪುರದ ದೀಪಾ ಕರ್ಮಾಕರರು ವಾಲ್ಟಿನಲ್ಲಿ 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚಿನ ಪದಕವು 15.216ಕ್ಕೆ ಹೋಯಿತು. ಅಂತರವು ಬರಿಯ 0.150.

ದೀಪಾರವರು ಅಂದು ಮಾಡಿದ ಪ್ರೊಡುನೊವಾ ಎಂಬ ಹಾರಾಟವನ್ನು ಇಂದು ಯಾವ ಮಗುವೂ ಮೊಬೈಲಿನಲ್ಲಿ ನೋಡಬಹುದು. ಇಲ್ಲಿಯೇ ನಮಗೆ ಭಯ. ಕೈಯೂರಿ ಚಿಮ್ಮಿ ಗಾಳಿಯಲ್ಲಿ ಎರಡು ಲಾಗ ಹಾಕುವ ಆ ಸಾಹಸದಲ್ಲಿ ಕತ್ತಿಗೆ ಅಪಾಯವುಂಟು. ಅದರ ಹಿಂದಿನ ವರ್ಷಾನುವರ್ಷದ ಸಾಧನೆಯನ್ನು ಚಿತ್ರವು ತೋರಿಸುವದಿಲ್ಲ. ಪರರ ಚಲಚ್ಚಿತ್ರವನ್ನು ನೋಡಿ, ಗಾದಿಯಿಲ್ಲದ ಅಂಗಳದಲ್ಲಿ, ಹಿಡಿಯುವವರಿಲ್ಲದೆ ಅನುಕರಿಸುವದನ್ನು ಖಂಡಿತವಾಗಿ ತಡೆಯತಕ್ಕದ್ದು. ತನ್ನದೇ ಚಿತ್ರದಿಂದ ಕಲಿಯುವದು ಒಂದು, ಪರರ ಚಿತ್ರದಿಂದ ಹುರುಪುಗೊಳ್ಳುವದು ಮತ್ತೊಂದು.

ತೆಗೆದ ಚಿತ್ರವು ಯಾರ ಬಳಿಯಲ್ಲಿರಬೇಕೆಂಬ ಪ್ರಶ್ನೆಯು ಉಳಿಯಿತು. ನಮ್ಮ ಅಭಿಪ್ರಾಯದಲ್ಲಿ ಬಾಲಿಕೆಯರ ಶಾಲೆಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೈ ತಪ್ಪಿದ ಒಂದು ಚಿತ್ರವು ಊರೆಲ್ಲ ಸುತ್ತಿದರೆ, ಆ ಹುಡುಗಿಯ ಆಟವಷ್ಟೇ ಅಲ್ಲ, ಅವಳ ಓದು ಕೂಡ ಅಲ್ಲಿಗೇ ನಿಂತೀತು. ಅವಳ ಹಿಂದೆ ನಾಲ್ಕಾರು ಮನೆಯವರು ತಮ್ಮ ಮಕ್ಕಳನ್ನು ಬಿಡಿಸಿಯಾರು. ಆದುದರಿಂದ ಶಾಲೆಗೆಂದೇ ಒಂದು ಮೊಬೈಲಿರಲಿ. ಅಧ್ಯಾಪಕರದಾಗಲಿ ಹುಡುಗಿಯರದಾಗಲಿ ಸ್ವಂತ ಮೊಬೈಲು ಬೇಡ. ಅದು ಮುಖ್ಯಾಧ್ಯಾಪಿಕೆಯ ಕಪಾಟಿನಲ್ಲಿ ಬೀಗದೊಳಗಿರಲಿ. ಆ ಯಂತ್ರದಿಂದ ಯಾರಿಗೂ, ಮೆಚ್ಚುಗೆಗಾಗಿಯಾದರೂ, ಚಿತ್ರವನ್ನು ಕಳಿಸತಕ್ಕದ್ದಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಸಮ್ಮತಿಯನ್ನು ಕೇಳುತ್ತದೆ. ವರ್ಷಾರಂಭದಲ್ಲಿ ತಾಯಿತಂದೆಗಳನ್ನು ಕರೆಯಿಸಿ, ಯಂತ್ರವನ್ನೂ ಕಪಾಟನ್ನೂ ಕಣ್ಣಾರೆ ತೋರಿಸಿ, ಅವರ ಒಪ್ಪಿಗೆಯನ್ನು ಬರೆಯಿಸಿಕೊಳ್ಳುವದು ಉತ್ತಮ. ಹುಡುಗಿಯೇ ಬೇಡವೆಂದರೆ ಅಲ್ಲಿಗೇ ಬಿಡತಕ್ಕದ್ದು. ಪ್ರತಿ ಶನಿವಾರ ಇಬ್ಬರು ಅಧ್ಯಾಪಿಕೆಯರು ಕೂಡಿ ಆ ವಾರದ ಚಿತ್ರಗಳನ್ನು ಅಳಿಸಲಿ. ಮೊದಲ ತಿಂಗಳಿನದೊಂದು, ಕೊನೆಯ ತಿಂಗಳಿನದೊಂದು ಮಾತ್ರ ಉಳಿಯಲಿ. ಹೊಲದ ಕೆಲಸದಿಂದ ಬಿಡುವಾಗಿ ತಾಯಿಯು ಶಾಲೆಗೆ ಬಂದ ದಿನ ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಅವಳಿಗೆ ತೋರಿಸಿ, ಅವಳೆದುರಿನಲ್ಲಿಯೇ ಅವನ್ನೂ ಅಳಿಸಿಬಿಡಬಹುದು.