ನೂರಕ್ಕೆ ಇನ್ನೂರು ಕೂಡಿದರೆ ನಲವತ್ತನಾಲ್ಕು

ಪ್ರೋಗ್ರಾಮಿನ ಒಂದಕ್ಷರವನ್ನೂ ಯಾರೂ ಮುಟ್ಟಿಲ್ಲ. ಆದರೂ ನಿನ್ನೆ ಹಸಿರಾಗಿದ್ದ ಟೆಸ್ಟ್‌ಗಳು ಇವತ್ತು ಸಾಲುಸಾಲಾಗಿ ಕೆಂಪು. 2024ರ ಜೂನ್ 16ರಂದು ನಮ್‌ಪೈ 2.0 ಹೊರಬಂದಾಗ ಪೈಥಾನ್ ಬಳಸುವ ಹಲವರಿಗೆ ಆದದ್ದು ಇದೇ. ಪಾಂಡಾಸ್, ಸೈಪೈಗಳಂಥ ಲೈಬ್ರರಿಗಳೆಲ್ಲ ನಿಂತಿರುವುದು ಈ ಲೆಕ್ಕದ ಲೈಬ್ರರಿಯ ಮೇಲೆ. 2006ರ 1.0 ಆದಮೇಲೆ ಅದರ ಆವೃತ್ತಿಯ ಮೊದಲ ಅಂಕಿ ಬದಲಾದದ್ದು ಅದೇ ಮೊದಲು. ಇಂಥದ್ದೇ ಆವೃತ್ತಿ ಬೇಕೆಂದು ಬರೆದಿಡದವರಿಗೆ ಹೊಸದು ತಾನಾಗಿಯೇ ಬಂದು ಕೂತಿತು.

ಎರರ್‌ಗಳನ್ನು ಓದುತ್ತ ಕೂರುವ ಮೊದಲು ಲೈಬ್ರರಿಗಳ ಆವೃತ್ತಿಗಳನ್ನು ತೋರಿಸುವ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡಬೇಕು: ಹಸಿರಿದ್ದಾಗಿನ ‘ಪಿಪ್ ಫ್ರೀಜ್’, ಕೆಂಪಾದಾಗಿನದು. ಬದಲಾದ ಲೈಬ್ರರಿಗಳನ್ನು ಒಂದೊಂದಾಗಿ ಹಳೆಯ ಆವೃತ್ತಿಗೆ ಇಳಿಸಿ ಟೆಸ್ಟ್ ಓಡಿಸಿದರೆ ಕಳ್ಳ ಸಿಗುತ್ತಾನೆ.

ಹೆಚ್ಚು ಕಿರುಚುವ ಎರರ್‌ಗಳೇ ಸುಲಭದವು. 1.x ಜೊತೆ ಕಂಪೈಲ್ ಆದ ಮಾಡ್ಯೂಲ್ 2.0ರಲ್ಲಿ ಓಡದು ಎಂಬ ಸಂದೇಶ ಬಂದರೆ ಆ ಮಾಡ್ಯೂಲಿನ ಹೊಸ ಆವೃತ್ತಿ ಹಾಕಿಕೊಂಡರಾಯಿತು. ‘ಎನ್‌ಪಿ.ಫ್ಲೋಟ್_’ ಎಂಬ ಹೆಸರು ಸಿಗುತ್ತಿಲ್ಲ ಎಂದರೆ ‘ಎನ್‌ಪಿ.ಫ್ಲೋಟ್64’ ಎಂದು ತಿದ್ದಿದರೆ ಮುಗಿಯಿತು.

ಡಾಕ್‌ಟೆಸ್ಟ್‌ಗಳ ಗದ್ದಲ ಇನ್ನೊಂದು ಬಗೆಯದು; ಅವು ಪರದೆಗೆ ಬರುವ ಉತ್ತರವನ್ನು ಅಕ್ಷರಕ್ಕಕ್ಷರ ಹೋಲಿಸುತ್ತವೆ. ಮೊದಲು ‘3.0’ ಎಂದು ತೋರಿಸುತ್ತಿದ್ದ ಜಾಗದಲ್ಲಿ ಈಗ ‘ಎನ್‌ಪಿ.ಫ್ಲೋಟ್64(3.0)’ ಬರುತ್ತದೆ. ಉತ್ತರ ಅದೇ, ವೇಷ ಬೇರೆ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ ‘ಲೆಗಸಿ’ಯನ್ನು ‘1.25’ ಮಾಡಿದರೆ ಹಳೆಯ ವೇಷ ಮರಳುತ್ತದೆ. ಅದಾದ ಮೇಲೂ ಕೆಂಪಾಗಿಯೇ ಉಳಿದವುಗಳ ಮೇಲೆ ಕಣ್ಣಿಡಬೇಕು.

ಅಪಾಯ ಇರುವುದು ಅಲ್ಲಿ. ಚಿತ್ರದ ಒಂದು ಪಿಕ್ಸೆಲ್‌ನ ಹೊಳಪು ಸಾಮಾನ್ಯವಾಗಿ ಒಂದೇ ಬೈಟ್‌ನಲ್ಲಿ, ಅಂದರೆ 0ಯಿಂದ 255ರೊಳಗೆ ಕೂರುತ್ತದೆ. ಅಂಥ 100ಕ್ಕೆ ಪೈಥಾನಿನ 200 ಕೂಡಿದರೆ ಹಳೆಯ ನಮ್‌ಪೈ ಜಾಗ ಅಗಲಿಸಿಕೊಂಡು 300 ಎನ್ನುತ್ತಿತ್ತು. 2.0 ಅಗಲಿಸುವುದಿಲ್ಲ. ಬೈಕಿನ ಮೀಟರ್ ಕೊನೆ ಮುಟ್ಟಿ ಸೊನ್ನೆಯಿಂದ ಮತ್ತೆ ಶುರುವಾಗುವ ಹಾಗೆ 256 ಕಳೆದು 44 ಕೊಡುತ್ತದೆ. ಬೆಳಗಬೇಕಿದ್ದ ಚುಕ್ಕೆ ಕಪ್ಪಗಾಯಿತು!

ಹಾಗೆಂದು ಹಳೆಯದೇನೂ ಸಾಚಾ ಅಲ್ಲ. ಅದೇ 100 ಒಂದೇ ಅಂಕಿಯ ಅರೇಯೊಳಗೆ ಇದ್ದಿದ್ದರೆ ಹಳೆಯ ಆವೃತ್ತಿಯೂ 44 ಎಂದೇ ಹೇಳುತ್ತಿತ್ತು. ಒಂಟಿ ಅಂಕಿಗೊಂದು ನ್ಯಾಯ, ಅರೇಗೊಂದು ನ್ಯಾಯ. ಈ ತಾರತಮ್ಯವನ್ನು ತೆಗೆಯಲೆಂದೇ ‘ನೆಪ್ 50’ ಎಂಬ ಪ್ರಸ್ತಾವದಡಿ ನಿಯಮ ಬದಲಿಸಿದರು.

ಇಲ್ಲಿ ಎರರ್ ಬರುವುದಿಲ್ಲ, ಒಂದು ವಾರ್ನಿಂಗ್ ಬರುತ್ತದಷ್ಟೆ. ಉದ್ದದ ಲಾಗ್‌ನಲ್ಲಿ ಅದನ್ನು ಯಾರು ನೋಡುತ್ತಾರೆ? ಪೈಟೆಸ್ಟ್‌ಗೆ ‘-ಡಬ್ಲ್ಯೂ ಎರರ್’ ಕೊಟ್ಟು ಓಡಿಸಿದರೆ ವಾರ್ನಿಂಗ್ ಕೂಡ ಎರರ್ ಆಗಿ, ಕೂಡಿಸುವ ಸಾಲಿನಲ್ಲೇ ಓಟ ನಿಲ್ಲುತ್ತದೆ. ಟೆಸ್ಟ್‌ನಲ್ಲಿರುವ 300 ಅನ್ನು 44 ಎಂದು ತಿದ್ದಿ ಹಸಿರು ಮಾಡುವುದು ಸೋಮಾರಿಗಳ ದಾರಿ. ತಿದ್ದಬೇಕಾದದ್ದು ಆ ಸಾಲನ್ನು: ಪಿಕ್ಸೆಲ್ ಅನ್ನು ಮೊದಲು ‘ಇಂಟ್’ ಮಾಡಿಕೊಂಡು, ಆಮೇಲೆ ಕೂಡಿಸುವುದು.