ಬೆಟ್ಟದ ಜೀವಕ್ಕೆ ಬಯಲಿನ ಸೆಕೆ

ಪೆರು ದೇಶದ ಆಂಡಿಸ್ ಬೆಟ್ಟಸೀಮೆಯಲ್ಲಿ ಗಿನಿಪಿಗ್‌ಗೆ ಅಡುಗೆಮನೆಯ ನೆಲವೇ ಮನೆ. ರಾತ್ರಿ ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿದ್ದರೂ, ಒಲೆಯ ಬಿಸುಪಿನಲ್ಲಿ ಒಂದಕ್ಕೊಂದು ಒತ್ತಿಕೊಂಡು, ಸೊಪ್ಪುಸಿಪ್ಪೆ ತಿಂದುಕೊಂಡು ಅವು ಬೆಳೆದವು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಯ ಜನ ಮಾಂಸಕ್ಕೆಂದು ಪಳಗಿಸಿದ ಪ್ರಾಣಿ ಇದು. ಅವರು ಇಟ್ಟ ಹೆಸರು ‘ಕುಯ್’. ಹಸಿದಾಗ ಅದು ಕೂಗುವುದನ್ನು ಕೇಳಿದ ಕನ್ನಡಿಗರಿಗೂ ಈ ಹೆಸರು ಒಪ್ಪಿಗೆಯಾದೀತು.

ಆ ಜೀವವೀಗ ಬೆಂಗಳೂರಿನ ಬಾಲ್ಕನಿಗಳಲ್ಲಿದೆ. ಅದನ್ನು ಸಾಕುವ ಬಗೆಯನ್ನು ಮಾತ್ರ ನಾವು ಚಳಿದೇಶಗಳಿಂದ ಕಲಿಯುತ್ತಿದ್ದೇವೆ. ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ತೋಟದ ಗೂಡಿನಿಂದ ಒಳಗೆ ತನ್ನಿ ಎಂಬುದು ಇಂಗ್ಲೆಂಡಿನ ಬುದ್ಧಿಮಾತು. ಅಲ್ಲಿಗೆ ಅದು ಸರಿ. ನಮ್ಮಲ್ಲಿ ಜೀವ ತೆಗೆಯುವುದು ಸೆಕೆ.

ಅದರ ಮೈಕಟ್ಟನ್ನೇ ನೋಡಿ. ಉಂಡೆಯಂಥ ದೇಹ, ಗಿಡ್ಡ ಕಾಲು, ಬಾಲವೇ ಇಲ್ಲ, ಮೇಲೆ ದಟ್ಟ ಕೂದಲು. ತೂಕಕ್ಕೆ ಹೋಲಿಸಿದರೆ ಶಾಖ ಹೊರಹೋಗಲು ಇರುವ ಮೈ ಕಡಿಮೆ. ನಮ್ಮಂತೆ ಬೆವರಿ ತಣ್ಣಗಾಗಲು ಅದಕ್ಕೆ ಬರುವುದಿಲ್ಲ, ನಾಯಿಯಂತೆ ತೇಕುತ್ತ ಶಾಖ ಕಳೆಯುವುದೂ ಗೊತ್ತಿಲ್ಲ. 18ರಿಂದ 24 ಡಿಗ್ರಿ ಅದಕ್ಕೆ ಹಿತ. 26 ದಾಟಿತೆಂದರೆ ಕಷ್ಟ ಶುರು. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗಿರುವ ಗೂಡಿನ ಗತಿ ಏನೆಂದು ಇದರಿಂದಲೇ ಊಹಿಸಬಹುದು. ಗಬ್ಬದ ಹೆಣ್ಣಿಗಂತೂ ಅಪಾಯ ಇನ್ನೂ ಹೆಚ್ಚು.

ಫ್ಯಾನ್ ಹಾಕಿದರೆ ಸಾಕೆಂದು ತಿಳಿಯುವುದು ತಪ್ಪು. ಫ್ಯಾನ್ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಬೆವರದ ಮೈಗೆ ಆ ಗಾಳಿಯಿಂದ ಸಿಗುವುದು ಅಲ್ಪ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಹೇಗೆ? ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ಕಲಬುರಗಿಯ ಒಣ ಸೆಕೆಗೆ ಇದು ಒಳ್ಳೆಯ ಉಪಾಯ. ಮಂಗಳೂರಿನ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ನೀರು ಆರುವುದೇ ನಿಧಾನ, ಅಲ್ಲಿ ತಟ್ಟಿ ಅಷ್ಟು ಕೈಹಿಡಿಯದು. ಎಲ್ಲ ಊರಿಗೂ ಆಗಿಬರುವುದು ನೆಲ. ಮನೆಯೊಳಗೆ ಬಿಸಿಲು ಬೀಳದ ಮೂಲೆಯ ಕಡಪ ಕಲ್ಲು ಅಥವಾ ರೆಡ್ ಆಕ್ಸೈಡ್ ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದರೆ ಮೈಯ ಬಿಸಿ ಕಲ್ಲಿಗೆ ಇಳಿಯುತ್ತದೆ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬೇಕಾದಾಗ ಅದೇ ಬಂದು ಒರಗುತ್ತದೆ. ಜೊಲ್ಲು ಸುರಿಸುತ್ತ, ಏದುಸಿರು ಬಿಡುತ್ತ ಕಾಲು ಚಾಚಿ ಬಿದ್ದಿದ್ದರೆ ಸೆಕೆ ಬಡಿದಿದೆ ಎಂದೇ ಅರ್ಥ. ಕಿವಿ, ಪಾದಗಳನ್ನು ತಣ್ಣೀರಿನ ಬಟ್ಟೆಯಿಂದ ಒರೆಸುತ್ತ ಪಶುವೈದ್ಯರ ಬಳಿಗೆ ಓಡಬೇಕು. ಐಸ್ ನೀರಿನಲ್ಲಿ ಮಾತ್ರ ಮುಳುಗಿಸಬೇಡಿ.

ಹೊರಗೆ ಮೇಯಲು ಬಿಡುವುದಾದರೆ ಬೆಳಗಿನ ಎಳೆಬಿಸಿಲಿನಲ್ಲಿ, ಮೇಲೂ ಜಾಲರಿ ಹಾಕಿದ ಆವರಣದಲ್ಲಿ ಬಿಡಿ. ಬೆಕ್ಕು, ಮುಂಗುಸಿ, ಕೇರೆಹಾವು, ಕಾಗೆ, ಎಲ್ಲವೂ ಕಾಯುತ್ತಿರುತ್ತವೆ.

ಮಳೆಗಾಲದ ಶತ್ರು ಬೂಷ್ಟು. ಒಣಹುಲ್ಲು ಒದ್ದೆಯಾದರೆ ತಿನ್ನಲೂ ಹಾಸಲೂ ಬಾರದು, ಒದ್ದೆ ಹಾಸಿನಲ್ಲಿ ಚರ್ಮಕ್ಕೆ ಶಿಲೀಂಧ್ರ ಹತ್ತುತ್ತದೆ. ಅಂಗಡಿಯ ಗುಳಿಗೆ ಆಹಾರದಲ್ಲಿರುವ ವಿಟಮಿನ್ ಸಿ ಸಹ ತೇವ, ಶಾಖಗಳಿಗೆ ಬೇಗ ಕ್ಷೀಣಿಸುತ್ತದೆ. ಮನುಷ್ಯರಂತೆ ಗಿನಿಪಿಗ್ ದೇಹವೂ ಈ ವಿಟಮಿನ್ ತಯಾರಿಸಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್, ಇದರ ಕೊರತೆಯಿಂದ ಬರುವ ಸ್ಕರ್ವಿ ರೋಗದ ಗುಟ್ಟನ್ನು ಹಿಡಿದದ್ದು ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಲ್ಲಿ. ಆದ್ದರಿಂದ ಮಳೆಗಾಲದಲ್ಲೂ ದಿನಾ ಒಂದು ತುಂಡು ದಪ್ಪಮೆಣಸಿನಕಾಯಿ ತಪ್ಪಿಸಬಾರದು.

ನಮ್ಮ ಡಿಸೆಂಬರ್ ಚಳಿಯನ್ನು ದಪ್ಪಗೆ ಹರಡಿದ ಒಣಹುಲ್ಲು ಮತ್ತು ಒಂದು ಜೊತೆಜೀವ ನೀಗಿಸುತ್ತವೆ. ತೊಂದರೆ ಬರುವುದು ಚಳಿಗೆಂದು ನಾವು ಕಿಟಕಿ ಮುಚ್ಚಿದಾಗ. ಮೂತ್ರದಿಂದ ಏಳುವ ಅಮೋನಿಯಾ ಒಳಗೇ ಉಳಿದು ಶ್ವಾಸಕೋಶವನ್ನು ಕೆರಳಿಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ನಿಂತಲ್ಲಿ ನಮಗೆ ವಾಸನೆ ತಿಳಿಯದಿರಬಹುದು. ಅದರ ಮೂಗು ಹಾಸಿನಿಂದ ಒಂದೆರಡು ಅಂಗುಲವಷ್ಟೇ ಮೇಲಿರುತ್ತದೆ. ಮಂಡಿಯೂರಿ, ಆ ಎತ್ತರಕ್ಕೆ ಮುಖವಿಟ್ಟು ಉಸಿರೆಳೆದು ನೋಡಿ. ಕಣ್ಣು ಉರಿದರೆ ಹಾಸು ಬದಲಿಸಿ, ಕಿಟಕಿ ತೆರೆಯಿರಿ.